ಅರಿತೂ ಮಾಡುವ ಪ್ರಮಾದ

ಕಳೆದ ವರ್ಷ ನಮ್ಮ ಭಾಗದಲ್ಲಿ ಏರ್ಪಟ್ಟಿದ್ದ ವಧು-ವರರ ಪರಿಚಯ ಸಮಾವೇಶಕ್ಕೆ ನನ್ನ ತಮ್ಮನ ಮಗನ ಸಲುವಾಗಿ ನಾನೂ ಹೋಗಿದ್ದೆ. ಬಾಗಿಲಲ್ಲಿ ಕೊಟ್ಟ ನಮೂನೆಯಲ್ಲಿ ಇಪ್ಪತ್ತು ಕಲಮುಗಳಿದ್ದವು. ಎತ್ತರ, ಮೈಬಣ್ಣ, ವಿದ್ಯೆ, ಸಂಬಳ, ಹೊಲ, ಮನೆ, ಗೋತ್ರ, ನಕ್ಷತ್ರ, ರಾಶಿ ಎಲ್ಲವನ್ನೂ ಕೇಳಿದ್ದರು. ಕುಜದೋಷ ಉಂಟೋ ಇಲ್ಲವೋ ಎಂಬುದಕ್ಕೂ ಒಂದು ಕಲಮು ಮೀಸಲಾಗಿತ್ತು. ಕೋಟಿಗಟ್ಟಲೆ ಯೋಜನ ದೂರದ ಗ್ರಹದ ದೋಷವನ್ನು ಕೇಳುವ ನಾವು, ಹುಟ್ಟುವ ಮಗುವಿನ ಮೈಯೊಳಗೆ ನೇರವಾಗಿ ಇಳಿದು ಬರುವ ರಕ್ತದ ದೋಷವನ್ನು ಎಲ್ಲಿಯೂ ಕೇಳಿರಲಿಲ್ಲ. ಕೇಳಬೇಕೆಂದು ಸಂಘಟಕರಲ್ಲಿ ಅರಿಕೆ ಮಾಡಿಕೊಂಡಾಗ ಒಬ್ಬ ಹಿರಿಯರು ನಕ್ಕು, “ಲಗ್ನದ ಮಾತಿನಲ್ಲಿ ರೋಗದ ಮಾತೇಕೆ? ಅಪಶಕುನ” ಎಂದರು. ಆ ನಗುವಿಗೆ ಉತ್ತರವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಹಿಂಸೆ ಎಂದರೆ ಕೇವಲ ಕೊಲ್ಲುವುದಲ್ಲವೆಂದು ನಮ್ಮ ಆಚಾರ್ಯರು ಬಗೆಬಗೆಯಾಗಿ ವಿವರಿಸಿದ್ದಾರೆ. ಎಚ್ಚರದಿಂದ ಹೆಜ್ಜೆಯಿಟ್ಟವನ ಕಾಲಡಿಯಲ್ಲಿ ಆಕಸ್ಮಿಕವಾಗಿ ಜೀವಿಯೊಂದು ಸತ್ತರೆ ಅವನಿಗೆ ಹಿಂಸೆಯ ಬಂಧವಿಲ್ಲ. ಎಚ್ಚರಗೇಡಿಯಾಗಿ ನಡೆದವನಿಗೆ, ಯಾವ ಜೀವಿಯೂ ಸಾಯದಿದ್ದರೂ ಹಿಂಸೆಯ ದೋಷ ತಪ್ಪುವುದಿಲ್ಲ. ಹಿಂಸೆಯ ಬೇರು ಪ್ರಮಾದದಲ್ಲಿದೆ. ಈ ಮಾತನ್ನು ನಾವು ನೀರು ಸೋಸುವಾಗ ನೆನೆಯುತ್ತೇವೆ, ರಾತ್ರಿಭೋಜನ ಬಿಡುವಾಗ ನೆನೆಯುತ್ತೇವೆ. ಮಕ್ಕಳ ಮದುವೆ ಮಾಡುವಾಗ ಮಾತ್ರ ಮರೆಯುತ್ತೇವೆ. ತಿಳಿವಳಿಕೆ ದೊರೆಯದ ಕಾಲದಲ್ಲಿ ನಮ್ಮ ಹಿರಿಯರು ಮಾಡಿದ್ದು ಅಜ್ಞಾನ. ತಿಳಿವಳಿಕೆ ನಮ್ಮ ರಾಜ್ಯದಲ್ಲೇ ಸಿದ್ಧವಾಗಿ ನಾಲ್ವತ್ತು ವರ್ಷ ಕಳೆದ ಮೇಲೂ ನಾವು ಮಾಡುತ್ತಿರುವುದು ಪ್ರಮಾದ.

ಈ ತಪ್ಪಿನಲ್ಲಿ ನನ್ನ ಪಾಲನ್ನು ಮೊದಲು ಒಪ್ಪಿಕೊಳ್ಳುತ್ತೇನೆ. 1988ರಲ್ಲಿ, ಸಿರವಾರವು ಇನ್ನೂ ಮಾನ್ವಿ ತಾಲೂಕಿಗೆ ಸೇರಿದ್ದ ದಿನಗಳಲ್ಲಿ, ನಮ್ಮ ತಂದೆಯವರು ತೀರಿಕೊಂಡು ಅಡತಿ ಅಂಗಡಿಯ ಹೊಣೆ ನನ್ನ ಮೇಲೆ ಬಿದ್ದಿತ್ತು. ನಮ್ಮ ಅಕ್ಕನ ಮಗಳನ್ನು ನಮ್ಮ ತಮ್ಮನಿಗೆ ತರುವ ಮಾತನ್ನು ಎತ್ತಿದವನು ನಾನೇ. ಹುಡುಗಿ ಕಣ್ಣೆದುರು ಬೆಳೆದವಳು, ಅಕ್ಕನ ತವರಿನ ನಂಟು ಗಟ್ಟಿಯಾಗುತ್ತದೆ, ಆಸ್ತಿ ಹೊರಗೆ ಹೋಗುವುದಿಲ್ಲ ಎಂದು ವಾದಿಸಿದೆ. ಎಲ್ಲರೂ ಮೆಚ್ಚಿದರು.

1990ರಲ್ಲಿ ಗಂಡುಮಗು ಹುಟ್ಟಿತು. ಮೂರು ದಿನ ಚೆನ್ನಾಗಿತ್ತು. ನಾಲ್ಕನೆಯ ದಿನ ಮೊಲೆ ಹಿಡಿಯಲಿಲ್ಲ. ಮೈ ಒಮ್ಮೆ ಸೆಟೆಯುತ್ತಿತ್ತು, ಒಮ್ಮೆ ಬಟ್ಟೆಯಂತೆ ಜೋಲುತ್ತಿತ್ತು. ಹತ್ತನೆಯ ದಿನ ತೀರಿಕೊಂಡಿತು. 1992ರಲ್ಲಿ ಹುಟ್ಟಿದ ಹೆಣ್ಣುಮಗುವೂ ಅದೇ ರೀತಿ ಹೋಯಿತು. ಎರಡನೆಯ ಬಾಣಂತನದಲ್ಲಿ ಆ ತಾಯಿ ಒಂದು ಮಾತು ಹೇಳಿದ್ದಳು: “ಮಾವ, ಕೂಸಿನ ಬಟ್ಟಿಗೆ ಬೆಲ್ಲದ ಪಾಕ ಸೀದಂಥ ವಾಸನಿ ಬರತದ. ಮೊದಲನೇ ಕೂಸಿಗೂ ಹಿಂಗೇ ಬರತಿತ್ತು.” ನಾನು ಅದನ್ನು ಬಾಣಂತಿಯ ಹಳಹಳಿಕೆಯೆಂದು ಬಿಟ್ಟುಬಿಟ್ಟೆ. ಮನೆಯ ಹೆಂಗಸರು ಅವಳ ಕಾಲ್ಗುಣದ ಮಾತಾಡಿದರು. ಅವಳಿಗೆ ಕೊಟ್ಟ ಉಪವಾಸಗಳೆಷ್ಟು, ಕಟ್ಟಿದ ದಾರಗಳೆಷ್ಟು! ಅವಳ ಗಂಡನನ್ನು ಯಾರೂ ಏನೂ ಕೇಳಲಿಲ್ಲ. ಸಂಬಂಧ ಕೂಡಿಸಿದ ನನ್ನನ್ನಂತೂ ಕೇಳಲೇ ಇಲ್ಲ.

ಮೂರನೆಯ ಮಗು ಉಳಿಯಿತು. ಅವನೇ ಈಗ ಮದುವೆಗೆ ಬಂದಿರುವವನು. ಅವನಿಗೆ ಮತ್ತೆ ಸಂಬಂಧದಲ್ಲೇ ಹೆಣ್ಣು ತರುವ ಮಾತು ಮನೆಯಲ್ಲಿ ಹುಟ್ಟಿದಾಗ ನನ್ನ ಎದೆ ನಡುಗಿತು. ಬೆಂಗಳೂರಿನಲ್ಲಿ ತಳಿವೈದ್ಯರೊಬ್ಬರನ್ನು ಕಂಡೆವು. ಆ ವಾಸನೆಯ ಮಾತು ಕೇಳಿದೊಡನೆ ಅವರು ರೋಗದ ಹೆಸರು ಹೇಳಿದರು: ಮೇಪಲ್ ಸಿರಪ್ ಮೂತ್ರರೋಗ. ನಾವು ತಿನ್ನುವ ಬೇಳೆಯಲ್ಲಿ, ಕುಡಿಯುವ ಹಾಲಿನಲ್ಲಿ ಇರುವ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳನ್ನು ಆ ಮಗುವಿನ ದೇಹ ಕರಗಿಸಲಾರದು. ತಾಯಿಯ ಹಾಲೇ ಅದಕ್ಕೆ ವಿಷವಾಗಿ ಮಿದುಳಿಗೇರುತ್ತದೆ. ತಮ್ಮ ಮತ್ತು ಅವನ ಹೆಂಡತಿಯ ರಕ್ತವನ್ನು ಪರೀಕ್ಷಿಸಿದಾಗ ಇಬ್ಬರಲ್ಲಿಯೂ ಒಂದೇ ವಂಶವಾಹಿಯ ಒಂದೇ ದೋಷ ಕಂಡಿತು. ಹುಡುಗನಲ್ಲಿಯೂ ಅದರ ಒಂದು ಪ್ರತಿ ಇದೆ. ನನ್ನ ರಕ್ತವನ್ನೂ ಕೊಟ್ಟೆ, ನನ್ನಲ್ಲಿಯೂ ಇದೆ. ಮೂವತ್ತು ವರ್ಷ ಆ ಹೆಣ್ಣುಮಗಳ ಕಾಲ್ಗುಣವೆಂದು ಆಡಿಕೊಂಡದ್ದು ನಮ್ಮ ಮನೆತನದ್ದೇ ಆಸ್ತಿಯಾಗಿತ್ತು. ಇಷ್ಟನ್ನು ಆ ತಾಯಿ, ತಂದೆ, ಮಗ ಮೂವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ.

ಇಂಥ ರೋಗಗಳ ಗುಟ್ಟನ್ನು ಮೊದಲು ಬಿಡಿಸಿದವರು ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್. 1857ರಲ್ಲಿ ಹುಟ್ಟಿದ ಅವರು, ಹೊರಗಿಟ್ಟರೆ ಕಪ್ಪಾಗುವ ಮೂತ್ರವಿರುವ ಮಕ್ಕಳನ್ನು ನೋಡುತ್ತ ಒಂದು ಸಂಗತಿಯನ್ನು ಗಮನಿಸಿದರು. ಆ ಮಕ್ಕಳ ತಂದೆತಾಯಿಗಳಲ್ಲಿ ಹಲವರು ಅಣ್ಣ-ತಮ್ಮ, ಅಕ್ಕ-ತಂಗಿಯರ ಮಕ್ಕಳೇ ಆಗಿದ್ದರು. ಆದರೆ ಅವರಿಗೆ ರೋಗವಿರಲಿಲ್ಲ. 1902ರಲ್ಲಿ ಅವರು ಪ್ರಕಟಿಸಿದ ಲೇಖನವು, ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡ ಆನುವಂಶಿಕ ನಿಯಮ ಮನುಷ್ಯನ ರೋಗಕ್ಕೂ ಅನ್ವಯಿಸುತ್ತದೆಂದು ಮೊದಲ ಬಾರಿಗೆ ತೋರಿಸಿತು. 1908ರ ಉಪನ್ಯಾಸಗಳಲ್ಲಿ ಅವರು ಇಂಥ ರೋಗಗಳನ್ನು ದೇಹದ ಚಯಾಪಚಯದಲ್ಲಿ ಹುಟ್ಟಿನಿಂದಲೇ ಬಂದ ದೋಷಗಳೆಂದು ಕರೆದರು. ಅವರ ಮೂವರು ಗಂಡುಮಕ್ಕಳಲ್ಲಿ ಇಬ್ಬರು ಮೊದಲ ಮಹಾಯುದ್ಧದಲ್ಲಿ ಮಡಿದರು, ಮೂರನೆಯವನು 1919ರಲ್ಲಿ ಇನ್‌ಫ್ಲುಯೆಂಜಾ ಜ್ವರಕ್ಕೆ ತುತ್ತಾದನು. ಮಕ್ಕಳನ್ನು ಕಳೆದುಕೊಳ್ಳುವುದೆಂದರೇನೆಂದು ಅರಿತ ಆ ವೈದ್ಯರು 1936ರಲ್ಲಿ ತೀರಿಕೊಂಡರು. ಅವರ ಮಾತಿನ ಪೂರ್ಣ ಬೆಲೆಯನ್ನು ಲೋಕ ತಿಳಿದದ್ದು ಆಮೇಲೆ.

ವ್ಯಾಪಾರಿಗಳಾದ ನಮಗೆ ಈ ವಿಷಯ ಖಾತೆ ಪುಸ್ತಕದ ಭಾಷೆಯಲ್ಲಿ ಸುಲಭವಾಗಿ ತಿಳಿಯುತ್ತದೆ. ಪ್ರತಿಯೊಬ್ಬ ಮನುಷ್ಯನೂ ಎರಡು ಖಾತೆ ಪುಸ್ತಕಗಳನ್ನು ಹೊತ್ತು ಹುಟ್ಟುತ್ತಾನೆ. ಒಂದು ತಂದೆಯದು, ಇನ್ನೊಂದು ತಾಯಿಯದು. ಒಂದೊಂದರಲ್ಲಿಯೂ ಸುಮಾರು 20,000 ವಂಶವಾಹಿಗಳ ಲೆಕ್ಕವಿದೆ. ಒಂದು ಪುಸ್ತಕದ ಒಂದು ಪುಟದಲ್ಲಿ ತಪ್ಪಿದ್ದರೂ ಇನ್ನೊಂದರ ಅದೇ ಪುಟ ಸರಿಯಾಗಿದ್ದರೆ ವ್ಯವಹಾರ ನಡೆಯುತ್ತದೆ. ಇಂಥವರನ್ನು ವಾಹಕರೆನ್ನುತ್ತಾರೆ. ಅವರು ರೋಗಿಗಳಲ್ಲ. ನೀವು, ನಾನು, ಊರಿನ ಗಟ್ಟಿಮುಟ್ಟಾದ ಪೈಲ್ವಾನ ಎಲ್ಲರೂ ಇಂಥ ಕೆಲವು ತಪ್ಪುಗಳ ವಾಹಕರೇ. ಗಂಡ-ಹೆಂಡಿರ ಪುಸ್ತಕಗಳಲ್ಲಿ ಒಂದೇ ಪುಟದಲ್ಲಿ ತಪ್ಪಿದ್ದಾಗ ಮಾತ್ರ ಅನಾಹುತ. ಆಗ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ಸೋದರಮಾವ ಮತ್ತು ಸೊಸೆಯ ವಂಶವಾಹಿಗಳಲ್ಲಿ ನಾಲ್ಕನೆಯ ಒಂದು ಪಾಲು, ಅತ್ತೆ-ಮಾವಂದಿರ ಮಕ್ಕಳ ನಡುವೆ ಎಂಟನೆಯ ಒಂದು ಪಾಲು, ಒಂದೇ ಮೂಲಪ್ರತಿಯಿಂದ ಇಳಿಸಿಕೊಂಡವುಗಳು. ಮೂಲದಲ್ಲಿ ತಪ್ಪಿದ್ದರೆ ಎರಡು ಪುಸ್ತಕಗಳಲ್ಲಿಯೂ ಅದೇ ತಪ್ಪು ಕೂತಿರುವ ಸಂಭವ ಹೆಚ್ಚು. ಎರಡನ್ನೂ ಎದುರುಬದುರು ಇಟ್ಟು ತಾಳೆ ನೋಡಿದರೆ ತಪ್ಪು ಸಿಕ್ಕುವುದಿಲ್ಲ. ಅದೇ ಸರಿಯೆಂದು ತೋರುತ್ತದೆ.

ದಕ್ಷಿಣ ಭಾರತದ ಸೋದರಿಕೆಯ ಮದುವೆಗಳ ಕಡೆಗೆ ವಿಜ್ಞಾನಿಗಳ ಗಮನ ಸೆಳೆದವರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಒಬ್ಬರು. ಮಾನವ ತಳಿವಿಜ್ಞಾನದ ತಳಹದಿ ಹಾಕಿದವರ ಸಾಲಿಗೆ ಸೇರಿದ ಅವರು 1957ರಲ್ಲಿ ಇಂಗ್ಲೆಂಡ್ ತೊರೆದು ಕಲ್ಕತ್ತೆಗೆ ಬಂದರು, ಭಾರತದ ಪೌರತ್ವ ಪಡೆದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಇಲ್ಲಿಗೆ ಬಂದ ಮೇಲೆ ಮಾಂಸಾಹಾರ ಬಿಟ್ಟರು. ಜೀವಿಗಳನ್ನು ಕೊಲ್ಲದೆ ಹಕ್ಕಿಗಳನ್ನೂ ಗಿಡಗಳನ್ನೂ ಅಭ್ಯಾಸ ಮಾಡುವ ಅಹಿಂಸಾತ್ಮಕ ಜೀವವಿಜ್ಞಾನ ಸಾಧ್ಯವೆಂದು ವಾದಿಸಿದರು. ತಮ್ಮ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಬರೆದುಕೊಟ್ಟಿದ್ದರು. ವಿಜ್ಞಾನವೆಲ್ಲವೂ ಹಿಂಸೆಯೆಂದು ಕೈತೊಳೆದುಕೊಳ್ಳುವ ನಮ್ಮವರು ಈ ಹೆಸರನ್ನು ನೆನಪಿಡಬೇಕು.

ನಮ್ಮ ನಾಡಿನ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್, ಅವರೊಡನೆ ಎ. ರಾಧಾ ರಮಾದೇವಿ, ಎಚ್. ಎಸ್. ಸಾವಿತ್ರಿ ಮೊದಲಾದವರು, ಇಂಗ್ಲೆಂಡಿನಿಂದ ಬಂದು ಕೂಡಿಕೊಂಡ ಅಲನ್ ಬಿಟಲ್ಸ್, ಇವರು 1980ರಿಂದ ನವಜಾತ ಶಿಶುಗಳ ತಪಾಸಣೆಯನ್ನು ಕೈಗೊಂಡರು. ಇಂಥ ದೊಡ್ಡ ತಪಾಸಣೆ ಭಾರತದಲ್ಲಿ ಅದೇ ಮೊದಲು. ಅಮೆರಿಕದಲ್ಲಿ ರಾಬರ್ಟ್ ಗತ್ರಿ ಎಂಬುವರು 1960ರ ದಶಕದ ಆರಂಭದಲ್ಲಿ, ಶಿಶುವಿನ ಹಿಮ್ಮಡಿಯ ಒಂದು ಹನಿ ರಕ್ತದಿಂದ ರೋಗ ಕಂಡುಹಿಡಿಯುವ ದಾರಿ ತೋರಿಸಿದ್ದರು. ಬೆಂಗಳೂರಿನ ತಂಡ 1,12,269 ಶಿಶುಗಳನ್ನು ಪರೀಕ್ಷಿಸಿತು. ಅಮೈನೋ ಆಮ್ಲಗಳ ದೋಷದ ರೋಗಗಳು ನಮ್ಮಲ್ಲಿ ಉಂಟೆಂದು, ಅವು ಪಾಶ್ಚಾತ್ಯರ ಪುಸ್ತಕದ ರೋಗಗಳಲ್ಲವೆಂದು ಅಂಕಿ ಸಮೇತ ತೋರಿಸಿತು. ಅಲ್ಲಿ ಕಂಡುಬಂದ ರೋಗಗಳಲ್ಲಿ ನಮ್ಮ ಮನೆಯ ಆ ಎರಡು ಕೂಸುಗಳನ್ನು ಕೊಂಡೊಯ್ದ ರೋಗವೂ ಒಂದು.

ಅದೇ ತಂಡ ಬೆಂಗಳೂರು, ಮೈಸೂರುಗಳಲ್ಲಿ 1980ರ ದಶಕದ ಲಕ್ಷಕ್ಕೂ ಮೀರಿದ ದಂಪತಿಗಳ ಸಂಬಂಧವನ್ನು ಕೇಳಿ ದಾಖಲಿಸಿತು. ಸರಿಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲಿ ನಡೆದಿತ್ತು. ಅವುಗಳಲ್ಲಿ ಸೋದರಮಾವನಿಗೆ ಕೊಟ್ಟ ಮದುವೆಗಳೇ ಅಧಿಕ. ಮಕ್ಕಳ ಆನುವಂಶಿಕ ರೋಗಗಳಿಗೂ ಸೋದರಿಕೆಗೂ ಇರುವ ನಂಟನ್ನು ಕುರಿತು 1987ರಲ್ಲಿಯೂ, ಶಿಶು ತಪಾಸಣೆಯ ಫಲಿತಾಂಶವನ್ನು ಕುರಿತು 1988ರಲ್ಲಿಯೂ ಅವರು ಲೇಖನಗಳನ್ನು ಪ್ರಕಟಿಸಿದರು. 1988! ನಾನು ಆ ಸಂಬಂಧ ಕೂಡಿಸಿದ ವರ್ಷ. ರಾಯಚೂರಿನಿಂದ ಬೆಂಗಳೂರು ಒಂದು ರಾತ್ರಿಯ ರೈಲಿನ ದೂರ. ಹತ್ತಿಯ ದರ ಗುಂಟೂರಿನಲ್ಲಿ ಬೆಳಿಗ್ಗೆ ಏರಿದರೆ ಸಂಜೆಗೆ ಸಿರವಾರದಲ್ಲಿ ನಮಗೆ ತಿಳಿಯುತ್ತಿತ್ತು. ಈ ಸುದ್ದಿ ಮಾತ್ರ ತಲುಪಲಿಲ್ಲ. ತಲುಪಬೇಕೆಂದು ನಾವು ಬಯಸಿರಲೂ ಇಲ್ಲ.

ರಾಧಾ ರಮಾದೇವಿಯವರು ಮುಂದೆ ಹೈದರಾಬಾದಿನ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ 18,300 ಶಿಶುಗಳ ತಪಾಸಣೆ ನಡೆಸಿದರು. ಸುಮಾರು 1,700 ಶಿಶುಗಳಿಗೆ ಒಂದರಂತೆ ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಕಂಡಿತು. ಈ ಕೊರತೆ ಬೇಗ ತಿಳಿದರೆ ದಿನಕ್ಕೊಂದು ಅಗ್ಗದ ಗುಳಿಗೆಯಿಂದ ಮಗುವಿನ ಬುದ್ಧಿ ಉಳಿಯುತ್ತದೆ; ತಿಳಿಯದಿದ್ದರೆ ಜೀವನವಿಡೀ ಮಂದಬುದ್ಧಿ. ಒಂದು ಹನಿ ರಕ್ತಕ್ಕೂ ಒಂದು ಬಾಳಿಗೂ ನಡುವಿನ ಲೆಕ್ಕ ಇಷ್ಟು ಸರಳವಾಗಿದೆ.

ಇನ್ನು ಆಕ್ಷೇಪಣೆಗಳಿಗೆ ಬರುತ್ತೇನೆ. ಮೊದಲನೆಯದು, “ಸಾವಿರಾರು ವರ್ಷಗಳಿಂದ ಸೋದರಿಕೆ ನಡೆದುಬಂದಿದೆ, ಏನಾಗಿದೆ?” ಎಂಬುದು. ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಬಹುಕಾಲದ ಸೋದರಿಕೆಯಿಂದ ದೋಷಯುಕ್ತ ವಂಶವಾಹಿಗಳು ಸೋಸಿಹೋಗಿರಬಹುದೆಂದು ಊಹಿಸಿದ ವಿಜ್ಞಾನಿಗಳೂ ಇದ್ದರು. ಅಪ್ಪಾಜಿ ರಾವ್, ಬಿಟಲ್ಸ್ ಮತ್ತು ಸಂಗಡಿಗರು 1991ರಲ್ಲಿ ಬರೆದ ಲೇಖನದಲ್ಲಿಯೂ, ಬಡತನ, ಎಳೆವಯಸ್ಸಿನ ಮದುವೆ ಮುಂತಾದ ಕಾರಣಗಳನ್ನು ಬೇರ್ಪಡಿಸದೆ ಸೋದರಿಕೆಯ ಕೆಡುಕನ್ನು ಹಿಗ್ಗಿಸಿ ಹೇಳಬಾರದೆಂಬ ಎಚ್ಚರಿಕೆಯಿದೆ. ಆದರೆ ಹಿಗ್ಗಿಸಬಾರದೆಂದರೆ ಇಲ್ಲವೆಂದು ಅರ್ಥವಲ್ಲ. ಅಲನ್ ಬಿಟಲ್ಸ್ ಮತ್ತು ಜೇಮ್ಸ್ ನೀಲ್ 1994ರಲ್ಲಿ ಹಲವು ದೇಶಗಳ ಅಂಕಿಗಳನ್ನು ಕೂಡಿಸಿ ನೋಡಿದಾಗ, ಅತ್ತೆ-ಮಾವಂದಿರ ಮಕ್ಕಳ ನಡುವಿನ ಮದುವೆಗಳಲ್ಲಿ ಎಳೆಯ ಸಾವುಗಳು ನೂರಕ್ಕೆ 4.4ರಷ್ಟು ಹೆಚ್ಚಾಗಿದ್ದವು. ಸೋದರಮಾವನ ಸಂಬಂಧ ಅದಕ್ಕಿಂತಲೂ ಹತ್ತಿರದ್ದು. ರಕ್ತಸಂಬಂಧದ ಮದುವೆಗಳಲ್ಲಿ ಹೆರಿಗೆಗಳೂ ಹೆಚ್ಚು; ಆದ್ದರಿಂದ ಮನೆತನದ ಎಣಿಕೆಯಲ್ಲಿ ಕಳೆದುಹೋದ ಕೂಸುಗಳು ಕಾಣುವುದಿಲ್ಲ. ನಮ್ಮ ಅಜ್ಜಿಯರು ಹತ್ತು ಹೆತ್ತು ಐದನ್ನು ಉಳಿಸಿಕೊಂಡರು. ನಾವು ಉಳಿದ ಐದನ್ನು ಎಣಿಸಿ ‘ಏನೂ ಆಗಿಲ್ಲ’ ಎನ್ನುತ್ತೇವೆ. ಲೆಕ್ಕದ ಪುಸ್ತಕದಲ್ಲಿ ಸರಿದೂಗಿದ್ದು ಹೆತ್ತ ಒಡಲಿನಲ್ಲಿ ಸರಿದೂಗುವುದಿಲ್ಲ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆ ಸೋದರಮಾವ-ಸೊಸೆಯರ ಮದುವೆಯನ್ನು ನಿಷೇಧಿಸಿ, ರೂಢಿಯಿದ್ದಲ್ಲಿ ಮಾತ್ರ ವಿನಾಯಿತಿ ಕೊಟ್ಟಿದೆ. ಆ ರೂಢಿಯನ್ನು ಬಿಡುವುದು ನಮ್ಮ ಕೈಯಲ್ಲೇ ಇದೆ.

ಎರಡನೆಯ ಆಕ್ಷೇಪಣೆ ಉತ್ತರದಿಂದ ಬಂದು ನೆಲೆಸಿದ ನಮ್ಮ ಧರ್ಮಬಂಧುಗಳದು. “ನಾವು ಗೋತ್ರ ಬಿಟ್ಟೇ ಸಂಬಂಧ ಮಾಡುವವರು, ನಮಗೆ ಈ ಭಯವಿಲ್ಲ” ಎನ್ನುತ್ತಾರೆ. ಗೋತ್ರ ಬಿಟ್ಟರೂ ಜಾತಿ ಬಿಡುವುದಿಲ್ಲವಲ್ಲ! ಕೆಲವೇ ಮನೆತನಗಳಿಂದ ಬೆಳೆದ ಸಮುದಾಯ ಹಲವು ತಲೆಮಾರು ತನ್ನೊಳಗೇ ಮದುವೆಯಾದರೆ, ಮೂಲಪುರುಷನೊಬ್ಬನ ದೋಷ ಇಡೀ ಸಮುದಾಯದಲ್ಲಿ ಹರಡಿರುತ್ತದೆ. ಗೋತ್ರ ಪಾಲಿಸುವ ಅಗ್ರವಾಲರಲ್ಲಿ, ಶಿಶುವಿನ ತಲೆ ದೊಡ್ಡದಾಗಿ ಬರಬರುತ್ತ ನಡಿಗೆ ಕುಂದುವ ಮಿದುಳಿನ ರೋಗವೊಂದನ್ನು ಮುಂಬಯಿಯ ನರರೋಗ ತಜ್ಞ ಬಿ. ಎಸ್. ಸಿಂಘಾಲ್ 1990ರ ದಶಕದಲ್ಲಿ ಗುರುತಿಸಿದರು. ಆ ಸಮುದಾಯದಲ್ಲಿ ಜೈನರೂ ಅನೇಕರಿದ್ದಾರೆ. ನಮ್ಮ ರಾಯಚೂರು ಸೀಮೆಯ ಪೇಟೆಗಳಲ್ಲಿ ನಮ್ಮ ಪಕ್ಕದಲ್ಲೇ ಅಂಗಡಿಯಿಟ್ಟಿರುವ ಆರ್ಯವೈಶ್ಯ ಬಂಧುಗಳಲ್ಲಿ, ಶಸ್ತ್ರಕ್ರಿಯೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧ ಬೇಗ ಇಳಿಯದೆ ಉಸಿರಾಟಕ್ಕೆ ತೊಡಕಾಗುವ ದೋಷ ಇತರರಿಗಿಂತ ಹೆಚ್ಚೆಂದು ಅರಿವಳಿಕೆ ವೈದ್ಯರು ಬಲ್ಲರು. 2017ರಲ್ಲಿ ಹೈದರಾಬಾದಿನ ವಿಜ್ಞಾನಿಗಳೂ ಸೇರಿ ಪ್ರಕಟಿಸಿದ ಅಧ್ಯಯನವೊಂದು ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರಿಶೀಲಿಸಿತು. ಆನುವಂಶಿಕ ರೋಗಗಳಿಗಾಗಿ ಹೆಸರಾದ ಅಶ್ಕೆನಾಜಿ ಯಹೂದಿಗಳು ಮತ್ತು ಫಿನ್ಲೆಂಡಿನ ಜನರಲ್ಲಿ ಕಾಣುವುದಕ್ಕಿಂತಲೂ ಗಾಢವಾದ ಮೂಲಪುರುಷ ಪ್ರಭಾವ ಅವುಗಳಲ್ಲಿ 81 ಸಮುದಾಯಗಳಲ್ಲಿ ಕಂಡುಬಂದಿತು. ಶುದ್ಧ ರಕ್ತವೆಂದು ನಾವು ಎದೆತಟ್ಟಿ ಹೇಳುವುದರ ಇನ್ನೊಂದು ಮುಖ ಇದೇ.

ಮೂರನೆಯದು ಕರ್ಮದ ಮಾತು. “ಆ ಮಗುವಿನ ಆಯುಷ್ಯಕರ್ಮ ಅಷ್ಟೇ ಇತ್ತು” ಎಂದು ನನಗೂ ಸಮಾಧಾನ ಹೇಳಿದರು. ಕರ್ಮಸಿದ್ಧಾಂತದಲ್ಲಿ ನನಗೆ ಪೂರ್ಣ ಶ್ರದ್ಧೆಯಿದೆ. ಆದುದರಿಂದಲೇ ಅದನ್ನು ಸೋಮಾರಿಗಳ ಆಸರೆಯಾಗಿ ಬಳಸುವುದನ್ನು ಕಂಡರೆ ಸಂಕಟವಾಗುತ್ತದೆ. ಕರ್ಮವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತದಿಂದ ಉದಯಕ್ಕೆ ಬರುತ್ತದೆಂಬುದು ನಮ್ಮ ಶಾಸ್ತ್ರದ ನಿಲುವು. ನಿಮಿತ್ತವನ್ನು ಸರಿಪಡಿಸುವ ಪುರುಷಾರ್ಥವನ್ನು ಜಿನಧರ್ಮ ಎಲ್ಲಿಯೂ ಬೇಡವೆಂದಿಲ್ಲ. ಅದು ಬೇಡವಾಗಿದ್ದರೆ ತಪಸ್ಸೇಕೆ, ನಿರ್ಜರೆಯೇಕೆ? ಮಗುವಿನ ರೋಗವನ್ನು ಕರ್ಮಕ್ಕೆ ಬಿಟ್ಟ ಹಿರಿಯರು ತಮ್ಮ ರಕ್ತದೊತ್ತಡದ ಗುಳಿಗೆಯನ್ನು ಒಂದು ದಿನವೂ ಕರ್ಮಕ್ಕೆ ಬಿಟ್ಟದ್ದನ್ನು ನಾನು ಕಾಣೆ. ತಮಗೆ ಪುರುಷಾರ್ಥ, ಮಕ್ಕಳಿಗೆ ಕರ್ಮ ಎಂಬ ಈ ಎರಡು ತೂಕದ ಕಲ್ಲುಗಳನ್ನು ಯಾವ ಪೇಟೆಯಲ್ಲಿಯೂ ಒಪ್ಪುವುದಿಲ್ಲ.

ನಾಲ್ಕನೆಯ ಆಕ್ಷೇಪಣೆಯೇ ಅತ್ಯಂತ ಗಂಭೀರವಾದುದು. “ಈ ಪರೀಕ್ಷೆಗಳೆಲ್ಲ ಕೊನೆಗೆ ಗರ್ಭಪಾತಕ್ಕೆ ದಾರಿ. ಜೈನನಾದವನು ಹೇಗೆ ಒಪ್ಪಬೇಕು?” ಎಂದು ತ್ಯಾಗಿಗಳೊಬ್ಬರು ಕೇಳಿದರು. ಬಸಿರಾದ ಮೇಲೆ ಪರೀಕ್ಷೆ ಮಾಡಿಸಿ ದೋಷ ಕಂಡರೆ, ಆ ದಂಪತಿಗಳ ಮುಂದೆ ಉಳಿಯುವ ದಾರಿಗಳೆರಡೂ ನೋವಿನವೇ. 1971ರ ಗರ್ಭಪಾತ ಕಾಯಿದೆ ಅನುಮತಿ ಕೊಡಬಹುದು. ಕಾನೂನಿನ ಅನುಮತಿ ಧರ್ಮದ ಅನುಮತಿಯಾಗುವುದಿಲ್ಲ. ಆ ಸಂಕಟದಲ್ಲಿರುವ ತಾಯಿಗೆ ಉಪದೇಶ ಮಾಡುವ ಅಧಿಕಾರ ನನಗಿಲ್ಲ. ನನ್ನ ಪ್ರಶ್ನೆ ನಮ್ಮಂಥ ಹಿರಿಯರಿಗೆ. ಅವಳನ್ನು ಆ ಕವಲುದಾರಿಗೆ ತಂದು ನಿಲ್ಲಿಸಿದವರು ಯಾರು? ನಿಶ್ಚಿತಾರ್ಥಕ್ಕೆ ಮೊದಲೇ ಎರಡು ಹನಿ ರಕ್ತ ಪರೀಕ್ಷಿಸಿದ್ದರೆ ಅವಳು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಯಾವ ಜೀವಕ್ಕೂ ಘಾತವಿಲ್ಲದ ದಾರಿ ವಿವಾಹಪೂರ್ವದ ಪರೀಕ್ಷೆಯೊಂದೇ. ಅಹಿಂಸೆಯ ಹೆಸರಿನಲ್ಲಿ ಪರೀಕ್ಷೆಯನ್ನು ವಿರೋಧಿಸುವವರು, ಹಿಂಸೆಯ ಸಂದರ್ಭವನ್ನು ತಾವೇ ನಿರ್ಮಿಸುತ್ತಿದ್ದಾರೆ.

ಇದು ಕೇವಲ ಕನಸಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಜೋಸೆಫ್ ಎಕ್‌ಸ್ಟೈನ್ ಎಂಬ ಯಹೂದಿ ಧರ್ಮಗುರುಗಳು ಟೇ-ಸ್ಯಾಕ್ಸ್ ಎಂಬ ಆನುವಂಶಿಕ ರೋಗದಿಂದ ತಮ್ಮ ನಾಲ್ವರು ಮಕ್ಕಳನ್ನು ಕಳೆದುಕೊಂಡರು. ಅವರ ಪಂಥವೂ ಗರ್ಭಪಾತವನ್ನು ಒಪ್ಪುವುದಿಲ್ಲ. ಅವರು 1983ರಲ್ಲಿ ದೋರ್ ಯೆಶೋರಿಮ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅಲ್ಲಿ ಯುವಕ-ಯುವತಿಯರ ರಕ್ತ ಪರೀಕ್ಷಿಸಿ, ಹೆಸರಿಗೆ ಬದಲಾಗಿ ಒಂದು ಸಂಖ್ಯೆ ಕೊಡುತ್ತಾರೆ. ಯಾರು ವಾಹಕರೆಂದು ಅವರಿಗೇ ಹೇಳುವುದಿಲ್ಲ. ಸಂಬಂಧದ ಮಾತು ಬಂದಾಗ ಎರಡೂ ಕಡೆಯವರು ತಮ್ಮ ಸಂಖ್ಯೆಗಳನ್ನು ತಿಳಿಸಿದರೆ, ಈ ಜೋಡಿ ಹೊಂದುತ್ತದೆ ಅಥವಾ ಹೊಂದುವುದಿಲ್ಲ ಎಂಬಷ್ಟೇ ಉತ್ತರ ಸಿಕ್ಕುತ್ತದೆ. ಯಾರ ಮಾನವೂ ಹೋಗುವುದಿಲ್ಲ, ಯಾವ ಜೀವವೂ ಹೋಗುವುದಿಲ್ಲ. ಜಾತಕ ಕೂಡಿಸುವಷ್ಟೇ ಸುಲಭವಾದ ಕೆಲಸ. ಅಹಿಂಸೆಯನ್ನು ಲೋಕಕ್ಕೆ ಸಾರಿದೆವೆನ್ನುವ ನಮಗೆ ಇದು ಮೊದಲು ಹೊಳೆಯಬೇಕಾಗಿತ್ತು.

ಕೊನೆಯದಾಗಿ, “ಹೆಣ್ಣುಮಕ್ಕಳ ಭವಿಷ್ಯ ಹಾಳಾಗುತ್ತದೆ, ಗುಟ್ಟು ಬಯಲಾಗುತ್ತದೆ” ಎಂಬ ಹೆದರಿಕೆ. ಈ ಹೆದರಿಕೆ ನಿಜವಾದುದು. ಅದಕ್ಕೆ ಕಾರಣರು ನಾವೇ. ಶ್ರಾವಕನ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ಅಂದರೆ ಸುಳ್ಳು ಬರೆಹ. ಮನೆಯಲ್ಲಿರುವ ರೋಗವನ್ನು ಮುಚ್ಚಿ ಭರ್ತಿ ಮಾಡಿದ ಲಗ್ನದ ನಮೂನೆ ಕೂಟಲೇಖವಲ್ಲದೆ ಮತ್ತೇನು? ಅದೇ ಪಟ್ಟಿಯಲ್ಲಿ ರಹೋಭ್ಯಾಖ್ಯಾನವೂ ಇದೆ, ಎಂದರೆ ಇತರರ ಗುಟ್ಟನ್ನು ಹೊರಗೆಡಹುವುದು. ಪರೀಕ್ಷೆಯ ಫಲಿತಾಂಶವನ್ನು ಓಣಿಯ ಕಟ್ಟೆಗೆ ತರುವವನು ಆ ದೋಷಕ್ಕೆ ಗುರಿ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು ಹೇಳಿದ್ದಾರೆ. ಎತ್ತಿನ ಮೇಲೆ ಮಿತಿಮೀರಿ ಹೇರಬಾರದೆಂದು ನಮಗೆಲ್ಲ ಗೊತ್ತು. ಇಬ್ಬರ ರಕ್ತದಿಂದ ಬಂದ ದೋಷದ ಹೊರೆಯನ್ನೆಲ್ಲ ಒಬ್ಬ ಹೆಣ್ಣಿನ ತಲೆಯ ಮೇಲೆ ಹೇರುವುದು ಯಾವ ವ್ರತ? ಮರೆಮಾಚುವುದೂ ಬೇಡ, ಡಂಗುರ ಸಾರುವುದೂ ಬೇಡ. ತಿಳಿಯಬೇಕಾದವರಿಗೆ ತಿಳಿಯಲಿ.

ನನ್ನ ಬೇಡಿಕೆಗಳು ನಾಲ್ಕು. ಸಮಾವೇಶಗಳ ನಮೂನೆಯಲ್ಲಿ, ವಧು-ವರರು ತಳಿವೈದ್ಯರ ಸಲಹೆ ಪಡೆದಿದ್ದಾರೆಯೇ ಎಂಬ ಒಂದು ಕಲಮನ್ನು ಸೇರಿಸಿರಿ, ಫಲಿತಾಂಶವನ್ನು ಬರೆಯಿಸಬೇಡಿರಿ. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯನ್ನು ಕೈಬಿಡುವ ನಿರ್ಣಯವನ್ನು ಸಮಾಜದ ಸಭೆಗಳಲ್ಲಿ ಕೈಗೊಳ್ಳಿರಿ. ಥಲಸ್ಸೀಮಿಯಾದಂಥ ರಕ್ತರೋಗದ ವಾಹಕರನ್ನು ಗುರುತಿಸುವ ಪರೀಕ್ಷೆಗೂ, ಹುಟ್ಟಿದ ಎರಡು-ಮೂರು ದಿನಗಳಲ್ಲಿ ಶಿಶುವಿನ ಹಿಮ್ಮಡಿಯ ರಕ್ತದ ತಪಾಸಣೆಗೂ ಬಡಕುಟುಂಬಗಳಿಗೆ ನೆರವು ಕೊಡಿರಿ. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವಿದೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ, ಮಣಿಪಾಲದಲ್ಲಿ ವೈದ್ಯಕೀಯ ತಳಿವಿಜ್ಞಾನದ ವಿಭಾಗವಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿರಳ ರೋಗಗಳಿಗಾಗಿ ನೀತಿಯೊಂದನ್ನು ಪ್ರಕಟಿಸಿದೆ. ಅಲ್ಲಿಗೆ ಹೋಗುವ ದಾರಿ ತೋರುವವರು ಪ್ರತಿ ಊರಿನ ಸಂಘದಲ್ಲಿ ಒಬ್ಬರಾದರೂ ಇರಲಿ. ಹಣವೆಲ್ಲಿ ಎಂದು ಕೇಳಬೇಡಿರಿ. ಪಂಚಕಲ್ಯಾಣದ ಸವಾಲುಗಳಲ್ಲಿ ಕೂಡುವ ಹಣದ ನೂರರಲ್ಲೊಂದು ಪಾಲು ಸಾಕು. ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಕೊನೆಯ ಮೂರೂ ಇದರಲ್ಲಿ ಸೇರಿವೆ.

ಹತ್ತಿ ಕೊಳ್ಳುವಾಗ ನಾವು ಎಳೆ ಹಿಡಿದು ನೋಡುತ್ತೇವೆ, ತೊಗರಿಯನ್ನು ಅಂಗೈಯಲ್ಲಿ ಹರಡಿ ನೋಡುತ್ತೇವೆ. ಮಕ್ಕಳನ್ನು ಸರಕಿಗೆ ಹೋಲಿಸುತ್ತಿಲ್ಲ. ಸರಕಿಗೆ ಕೊಡುವ ಎಚ್ಚರವನ್ನಾದರೂ ಮಕ್ಕಳಿಗೆ ಕೊಡಿರೆಂದು ಕೇಳುತ್ತಿದ್ದೇನೆ.

ಆ ಸಮಾವೇಶದ ನಮೂನೆಯಲ್ಲಿ ಹುಡುಗನು ತಾನಾಗಿಯೇ ಇಪ್ಪತ್ತೊಂದನೆಯ ಕಲಮನ್ನು ಕೈಯಲ್ಲಿ ಬರೆದು, ತಾನು ವಾಹಕನೆಂದೂ, ಕನ್ಯೆಯ ಕಡೆಯವರು ಪರೀಕ್ಷೆಗೆ ಒಪ್ಪಬೇಕೆಂದೂ ತಿಳಿಸಿದನು. ಎರಡು ಮನೆತನದವರು ಮಾತು ಮುಂದುವರಿಸಲಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ. ಮೂವತ್ತು ವರ್ಷಗಳ ಹಿಂದೆ ನಾನೂ ಹಾಗೆಯೇ ಎದ್ದುಹೋಗುತ್ತಿದ್ದೆ. ಆದರೆ ಅವರು ಎದ್ದುಹೋದದ್ದು ಸತ್ಯ ಹೇಳಿದವನ ಮನೆಯಿಂದ. ಮುಚ್ಚಿಟ್ಟವರ ಮನೆಗೆ ಅವರು ನಾಳೆ ನಂಬಿಕೆಯಿಂದ ಹೋಗುತ್ತಾರೆ.

ಕಳೆದ ದಶಲಕ್ಷಣ ಪರ್ವದ ಕೊನೆಯಲ್ಲಿ, ಕ್ಷಮಾವಣಿಯ ದಿನ, ನಾನು ಆ ತಾಯಿಯ ಮುಂದೆ ಕೈಮುಗಿದೆ. ವಯಸ್ಸಿನಲ್ಲಿ ಹಿರಿಯನಾದ ನಾನು ಹಾಗೆ ಮಾಡಿದ್ದರಿಂದ ಅವಳು ಗಾಬರಿಯಾದಳು. “ಆ ವಾಸನಿ ಮಾತು ಅವತ್ತೇ ನೀವು ಕೇಳಬೇಕಿತ್ತು, ಮಾವ” ಎಂದಷ್ಟೇ ಹೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಓದುಗ ಬಂಧುಗಳಲ್ಲಿ ಅಂಥ ಮಾತನ್ನು ಕೇಳಬೇಕಾಗಿ ಬರುವವರು ಇನ್ನು ಮುಂದೆ ಯಾರೂ ಇರದಿರಲಿ. ಬಿರುಸಾಗಿ ಬರೆದ ಮಾತುಗಳಿಂದ ಯಾರ ಮನಸ್ಸಾದರೂ ನೊಂದಿದ್ದರೆ ಅವರಲ್ಲಿಯೂ ಕ್ಷಮೆ ಬೇಡುತ್ತೇನೆ. ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಾರೆ.